ಮಾಳಿಗೆಯಿಂದ ಇಳಿದ ಹಲ್ಲು

"ಅಕಿ ಹಲ್ಲೇ ಅಕಿಗೆ ಕೂಡ್ತು, ಅದಕ್ಕ ಗಟ್ಟಿ ನಿಂತೈತಿ." ನನ್ನ ಮುಂದಿನ ಹಲ್ಲಿನ ಬಗ್ಗೆ ಕಂಪ್ಲಿಯ ನಮ್ಮ ಓಣಿಯವರೆಲ್ಲ ಹೇಳುವುದು ಇಷ್ಟೇ. ಈ ವಾದದಲ್ಲಿ ಹುರುಳಿಲ್ಲ. ಮುರಿದ ಚೂರು ಕೂಡಿಸುವ ಅಂಟಿಗೆ ಹಲ್ಲು ಯಾರದೆಂದು ಗೊತ್ತಾಗುವುದಿಲ್ಲ.

ಮೂರು ವರ್ಷದ ಹಿಂದೆ ಬಚ್ಚಲ ಮೆಟ್ಟಿಲ ಮೇಲೆ ಜಾರಿಬಿದ್ದು ಅರ್ಧ ಹಲ್ಲು ಮುರಿದುಕೊಂಡೆ. ಬಾಯಿ ತೊಳೆದು ಬರುವಷ್ಟರಲ್ಲಿ ಅವ್ವ ಆ ಚೂರನ್ನು, ಹಾಲುಹಲ್ಲು ಬಿದ್ದಾಗ ಮಾಡುವಂತೆ, ಮಣ್ಣಿನ ಮಾಳಿಗೆಯ ಮೇಲಕ್ಕೆ ಎಸೆದಿದ್ದಳು.

"ಯವ್ವಾ, ನನಗ ಇಪ್ಪತ್ತು ವರ್ಷ! ಇನ್ನೊಂದು ಹಲ್ಲು ಹುಟ್ತೈತೇನು?"

"ಹುಟ್ಲಿ ಬಿಡ್ಲಿ, ಹಲ್ಲು ನೆಲದ ಮ್ಯಾಲ ಬಿಡಬಾರ್ದು. ಎಲ್ಲಾದಕ್ಕೂ ವಾದ ಬ್ಯಾಡ."

ಹೊಸಪೇಟೆಯ ದಂತವೈದ್ಯರಿಗೆ ಫೋನ್ ಮಾಡಿದರೆ, ಚೂರನ್ನು ಹಾಲಿನಲ್ಲಿ ಹಾಕಿ ತನ್ನಿ ಎಂದರು. ಅವ್ವ ಒಬ್ಬಳೇ ಏಣಿ ಹತ್ತಿದಳು. ನಾನೂ ಬರುತ್ತೇನೆಂದರೆ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಚೂರು ಹಿಡಿದು ಇಳಿದಳು.

ವೈದ್ಯರು ಚೂರಿಗೂ ಹಲ್ಲಿಗೂ ನೀಲಿ ಆಸಿಡ್ ಹಚ್ಚಿ, ತೊಳೆದು, ಗಾಳಿ ಬಿಟ್ಟು ಕನ್ನಡಿ ಹಿಡಿದರು. ಹೊಳಪು ಸತ್ತು, ಹಲ್ಲು ಸುಣ್ಣ ಬಳಿದಂತಿತ್ತು.

"ಈಗ ಹಲ್ಲಿನ ಮೈತುಂಬ ಕಣ್ಣಿಗೆ ಕಾಣದ ತೂತು. ಅಂಟು ಅದರೊಳಗ ಇಳಿದು ಬೆಳಕಿಗೆ ಗಟ್ಟಿ ಆಗ್ತೈತ್ರಿ, ಬೇರು ಬಿಟ್ಟಂಗ. ಉಗುಳು ತಾಗಿದ್ರ ಕೆಟ್ಟಿತು, ನಾಲಿಗಿ ಅಲ್ಲಾಡಿಸಬ್ಯಾಡ್ರಿ."

ಎದುರುಮಾತಿಲ್ಲದೆ ನಾನು ಕೂತದ್ದು ಅವತ್ತೊಂದೇ ದಿನ. ನೀಲಿ ಬೆಳಕು ಹೊತ್ತಿತು, ಆರಿತು. ಚೂರಿನ ಅಂಚು ಪೂರ್ತಿ ಕೂಡಲಿಲ್ಲ. ಸಂದಿಗೆ ಬಿಳಿ ಲೇಪ ತುಂಬಿದರು. ಚೂರು ಒಣಗಿ ಬೆಳ್ಳಗಾಗಿದೆ, ನಾಲ್ಕು ದಿನದಲ್ಲಿ ಬಣ್ಣ ಕೂಡುತ್ತದೆ ಎಂದರು.

ಕೂಡಲಿಲ್ಲ.

ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕನೂ, ನಾನು ಬೀಳುವ ಕೆಲವು ವರ್ಷ ಮೊದಲು, ಅದೇ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದಳು. ಆ ಚೂರನ್ನೂ ಅವ್ವ ಅದೇ ಮಾಳಿಗೆಗೆ ಎಸೆದಿದ್ದಳು. ಮರುವರ್ಷ ಅಕ್ಕ ಜ್ವರದಲ್ಲಿ ತೀರಿಕೊಂಡಳು. ಹಲ್ಲು ಅಂಟಿಸಿಕೊಂಡು ಬಂದಮೇಲೆ ನಾನು ಥೇಟ್ ಅವಳಂತೆ ನಗುತ್ತೇನೆಂದು ಚಿಕ್ಕಮ್ಮ ಹೇಳಿದಾಗ, ಒಡಹುಟ್ಟಿದವರ ನಗು ಹೋಲುವುದು ಯಾವುದಕ್ಕೂ ಪುರಾವೆಯಲ್ಲ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಕಳೆದ ವಾರ ಮಾಳಿಗೆಗೆ ಹೊಸ ಮಣ್ಣು ಹಾಕಲು ಹತ್ತಿದಾಗ, ಬೆಳಕಿಂಡಿಯ ಪಕ್ಕ ಒಂದು ಚೂರು ಸಿಕ್ಕಿತು. ಮುಂದಿನ ಹಲ್ಲಿನದು. ಮೇಲಕ್ಕೆ ಹೋದ ಮುರಿದ ಚೂರು ಎರಡು. ಒಂದು ನನ್ನ ಬಾಯಲ್ಲಿ, ಒಂದು ಅಂಗೈಯಲ್ಲಿ. ನನ್ನದು ಯಾವುದು?

ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಅದನ್ನಿಟ್ಟೆ. ಬಡಿತ ನಿಂತಿತು. ಅವಳು ಚೂರನ್ನು ನೋಡಲಿಲ್ಲ, ನನ್ನ ಬಾಯನ್ನೇ ನೋಡಿದಳು.

"ಅವ್ವಾ, ಅವತ್ತು ಮಾಳಿಗಿ ಮ್ಯಾಲ ನಿನಗ ಎರಡೂ ಕಂಡಿದ್ವೇನು?"