ಬಣ್ಣದಕ್ಕ ನೋಡಿದ ನೀರು

ಊರಿಗೆಲ್ಲ ಅವಳು ಬಣ್ಣದಕ್ಕ. ಬೆರಳುದ್ದದ ಮರದ ಮೀನುಗಳಿಗೆ ಬಣ್ಣ ಬಳಿದು, ಹೊಟ್ಟೆಯಡಿ ಕೊಕ್ಕೆ ಸಿಕ್ಕಿಸಿ, ಕೆರೆಗೆ ಗಾಳ ಹಾಕುವವರಿಗೆ ಮೀನು ಸೆಳೆಯುವ ಆಮಿಷವೆಂದು ಮಾರುತ್ತಿದ್ದಳು. ಅವಳ ಅಂಗಡಿಯಲ್ಲಿ ಬಣ್ಣ ಆರಿಸುವ ಹಕ್ಕು ಕೊಳ್ಳುವವರಿಗಿರಲಿಲ್ಲ. ಕೆರೆಯ ನೀರನ್ನು ಬಾಟಲಿಯಲ್ಲಿ ತರಬೇಕು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಬೆಳ್ಳಿ ಬಣ್ಣದ್ದು, ಕದಡಿದ್ದರೆ ಕಣ್ಣಿಗೆ ರಾಚುವ ಹಳದಿ. ಗಂಡ ತೀರಿಕೊಂಡ ಮೇಲೆ ಮನೆಯ ಒಲೆ ಉರಿದದ್ದು ಈ ನೋಟದಿಂದಲೇ.

ಈಚೆಗೆ ಮಾತ್ರ ಬಂದವರಿಗೆಲ್ಲ ಹಳದಿಯೇ. ಒಂದು ಸಂಜೆ ಊರಿನ ದರ್ಜಿ ಕೆರೆಯಿಂದ ಬರಿಗೈಯಲ್ಲಿ ಬಂದು ಬಾಗಿಲಿಗೊರಗಿದ.

"ನಿನ್ನ ಹಳದಿ ಕಂಡದ್ದೇ ತಡ, ಮೀನೆಲ್ಲ ದಿಕ್ಕಾಪಾಲು ಕಣಕ್ಕಾ. ನನ್ನ ಹೆಂಡತಿ ಕೇಳ್ತಾಳೆ, ಇಡೀ ದಿನ ಕೆರೇಲಿ ಮುಖ ನೋಡ್ಕೊಂಡು ಕೂತಿದ್ರಾ ಅಂತ."

"ನೀರು ರಾಡಿಯಾಗಿದೆ. ಗಾಳ ಎಸೆಯೋಕೆ ಬರದೋನು ಬಣ್ಣಕ್ಕೇಕೆ ಬೈತೀಯ?"

"ಬಾಯಿಗೇನೂ ಕಮ್ಮಿಯಿಲ್ಲ!" ನಗುತ್ತಲೇ ಹೋದವನು ಮತ್ತೆ ಕೆಲವು ದಿನ ಇತ್ತ ಸುಳಿಯಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಹಳದಿಯೇ ಸಾಲದೇನೋ ಎಂದು ಅವಳು ಇನ್ನೊಂದು ಪದರ ಬಳಿದಳು.

ಒಂದು ಬೆಳಿಗ್ಗೆ ಮೇಜಿನ ಮೇಲಿದ್ದ ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದಳು. "ಇದೂ ಕದಡಿದೆ. ಹಳದಿ ತೆಗಿಯೇ."

ಕೊಕ್ಕೆ ಸಿಕ್ಕಿಸುತ್ತಿದ್ದ ಮಗಳು ಅಲುಗಾಡಲಿಲ್ಲ.

"ಅಮ್ಮ, ಅದು ನಾನು ತುಂಬಿಟ್ಟಿದ್ದು. ನಮ್ಮ ನಲ್ಲಿ ನೀರು."

"ನನ್ನನ್ನೇ ಪರೀಕ್ಷೆ ಮಾಡ್ತೀಯೇನೇ?"

"ಕೇಳಿದ್ರೆ ನೀನು ಹೇಳ್ತಿದ್ದೆಯಾ?"

ಬಣ್ಣದಕ್ಕ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿದಳು, ಆಮೇಲೆ ಇನ್ನೊಂದನ್ನು. ಹೋದ ವರ್ಷ ತಾನೇ ಬಿಳಿ ಬಳಿದ ಕಿಟಕಿಯ ಚೌಕಟ್ಟು ಹೊಗೆ ಹಿಡಿದಂತೆ ಕಂಡಿತು. ಕಿಟಕಿಯಾಚೆಯ ಬೀದಿಯೂ ಹಾಗೆಯೇ. ಅದೆಲ್ಲ ಧೂಳೆಂದು ಅವಳು ದಿನವೂ ಗಾಜು ಒರೆಸುತ್ತಿದ್ದಳು.

ಬಾಗಿಲ ಬಳಿ ದರ್ಜಿಯ ದನಿ ಕೇಳಿತು. "ಅಕ್ಕಾ, ಇದೊಂದು ಸಲ ನೋಡಿ ಕೊಡು. ಆಮೇಲೆ ನಿನ್ನ ಸಹವಾಸವೇ ಬೇಡ."

ಅವನು ಚಾಚಿದ ಬಾಟಲಿಯನ್ನು ಅವಳು ತೆಗೆದುಕೊಂಡಳು. ಕಿಟಕಿಯತ್ತ ಎತ್ತಿದ ಕೈ ಅರ್ಧಕ್ಕೇ ನಿಂತಿತು. ಬಾಟಲಿಯನ್ನು ಮಗಳ ಕೈಗಿತ್ತಳು.

ಮಗಳು ಬೆಳಕಿಗೆ ಹಿಡಿದಳು. "ತಿಳಿಯಾಗಿದೆ."

ದರ್ಜಿ ಇಬ್ಬರನ್ನೂ ನೋಡಿದ. ಅವನ ಬಾಯಿಗೆ ಬಂದಿದ್ದ ತಮಾಷೆ ಅಲ್ಲೇ ಉಳಿಯಿತು.

ಬಣ್ಣದಕ್ಕ ಕಪಾಟಿನ ಎರಡನೆಯ ಖಾನೆಗೆ ಕೈಹಾಕಿ, ತಡವಿ, ಒಂದು ಮೀನು ತೆಗೆದಳು. ಅವನಿಗೆ ಕೊಡುವ ಮುನ್ನ ಮಗಳ ಕಡೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದಳು:

"ಇದು ಬೆಳ್ಳೀದೇ ಅಲ್ವೇನೇ?"