ಅವ್ವನ ಸರದಿಯ ವಚನ

ನಮ್ಮ ಮನೆಯಲ್ಲಿ ಸತ್ಯವೇದವನ್ನು ಎರಡು ಭಾಷೆಯಲ್ಲಿ ಓದುತ್ತಿದ್ದೆವು. ಬೇಕೆಂದು ಮಾಡಿಕೊಂಡ ಏರ್ಪಾಡಲ್ಲ. ಅಪ್ಪ ಕೊಳ್ಳೇಗಾಲದವನು, ಅವ್ವ ತಮಿಳುನಾಡಿನ ಗಡಿಯಂಚಿನ ಗೋಪಿನಾಥಂ ಕಡೆಯವಳು. ಅವಳು ಅಕ್ಷರ ಕಲಿತದ್ದೇ ತಮಿಳಿನಲ್ಲಿ. ಮದುವೆಯಾಗಿ ಬಂದಾಗ ಅವಳ ಟ್ರಂಕಿನಲ್ಲಿ ತವರಿನವರು ಕೊಟ್ಟ ದಪ್ಪಕ್ಷರದ ತಮಿಳು ಸತ್ಯವೇದವಿತ್ತಂತೆ. ಕೊನೆಯವರೆಗೂ ಅವಳು ಓದಿದ್ದು ಅದೊಂದನ್ನೇ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಸಂಜೆ ಬಂದು, ಗ್ರೀಸ್ ಹೋಗುವ ತನಕ ಕೈ ಉಜ್ಜಿ, ಚಾಪೆ ಹಾಸಿದರೆ ಪ್ರಾರ್ಥನೆಯ ಹೊತ್ತಾಯಿತೆಂದು ಅರ್ಥ. ದಿನಕ್ಕೊಂದು ಅಧ್ಯಾಯ, ಒಬ್ಬೊಬ್ಬರಿಗೆ ಒಂದೊಂದು ವಚನ. ಮೊದಲು ಅಪ್ಪ, ಆಮೇಲೆ ತಮ್ಮ, ಆಮೇಲೆ ಅವ್ವ, ಕೊನೆಗೆ ನಾನು, ಮತ್ತೆ ಅಪ್ಪ. ಅವ್ವನ ಸರದಿ ಬಂದಾಗ ಮಾತ್ರ ಅಧ್ಯಾಯ ತಮಿಳಿಗೆ ಹೊರಳಿ, ಮತ್ತೆ ನನ್ನ ಹತ್ತಿರ ಕನ್ನಡಕ್ಕೆ ಬರುತ್ತಿತ್ತು. ಯಾರಿಗೂ ಯಾರೂ ಅರ್ಥ ಹೇಳಬೇಕಿರಲಿಲ್ಲ. ತಮಿಳು ನಮಗೆಲ್ಲ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ಅವ್ವ ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದಳು. ಒಲೆಯ ಮೇಲೆ ಸಾರು ಉಕ್ಕಿದರೂ ವಚನ ಮುಗಿಸಿಯೇ ಏಳುವಳು. ವಂಶಾವಳಿಯ ಅಧ್ಯಾಯಗಳು ಬಂದರೆ ತಮ್ಮ ಅರ್ಧ ಹೆಸರುಗಳನ್ನು ನುಂಗಿಬಿಡುತ್ತಿದ್ದ. ಅವ್ವ ಬಿಡುತ್ತಿರಲಿಲ್ಲ. "ಅವ್ರೂ ಒಬ್ಬ ತಾಯಿ ಎತ್ತ ಮಕ್ಳು ಕಣ್ಲಾ, ಎಸ್ರು ನುಂಗ್ಬೇಡ" ಎನ್ನುವಳು. ಅವನು ಹಲ್ಲು ಕಿರಿದು ಮೊದಲಿಂದ ಓದುತ್ತಿದ್ದ.

ಅವಳು ಹೋದದ್ದು ಸಕ್ಕರೆ ಕಾಯಿಲೆಯಿಂದ. ನಾನು ಯಳಂದೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಊರವರ ರಕ್ತವೆಲ್ಲ ನನ್ನ ಕೈ ಮೇಲೆ ಹಾದುಹೋಗುತ್ತದೆ. ಅವ್ವನದೂ ಹೋಯಿತು. ರಿಪೋರ್ಟ್ ನೋಡಿದಾಗಲೇ ನನಗೆ ಗೊತ್ತಾಗಿತ್ತು, ಹಾಗಾಗಿ ಸತ್ತ ದಿನ ಹೊಸದೇನೂ ಆಗಲಿಲ್ಲ ಎನ್ನುವ ಹಾಗಿತ್ತು. ಮಣ್ಣಿಗೆ ಬಂದವರಿಗೆ ನಾನೇ ಕಾಫಿ ಕಾಯಿಸಿದೆ. ಲೋಟ ಸಾಲದೆ ಪಕ್ಕದ ಮಗ್ಗದವರ ಮನೆಯಿಂದ ತಂದೆ. ಸಂಜೆ ಅವನ್ನು ತೊಳೆದು ಹಿಂತಿರುಗಿಸಿದೆ. "ಕಲ್ಲು ಕಣವ್ವ ಇವ್ಳು, ಒಂದು ತೊಟ್ಟು ನೀರಿಲ್ಲ" ಎಂದು ಅವ್ವನ ತಂಗಿ ಯಾರಿಗೋ ಹೇಳಿದ್ದು ಕೇಳಿಸಿತು. ನನಗೆ ಬೇಜಾರಾಗಲಿಲ್ಲ. ಆಕೆ ಹೇಳಿದ್ದು ನಿಜವೇ ಆಗಿತ್ತು. ಅಳು ನಾಳೆ ಬರಬಹುದು ಎಂದುಕೊಂಡೆ. ನಾಳೆ ಬಂತು, ಬಸ್ಸೂ ಬಂತು, ನಾನು ಕೆಲಸಕ್ಕೆ ಹೋದೆ.

ಮಣ್ಣಾದ ಮೇಲಿನ ಮೊದಲ ಪ್ರಾರ್ಥನೆಯಲ್ಲಿ ಅಪ್ಪ ಓದಿದ, ತಮ್ಮ ಓದಿದ. ಮುಂದಿನದು ಅವ್ವನದು. ಒಂದು ವಚನ ಓದುವಷ್ಟು ಹೊತ್ತು ಸುಮ್ಮನಿದ್ದು, ನಾನು ನನ್ನ ವಚನ ಓದಿದೆ. ಮತ್ತೆ ಸರದಿ ಬಂದಾಗಲೂ ಹಾಗೆಯೇ ಆಯಿತು. ಮರುದಿನವೂ ಆಯಿತು. ಹೀಗೇ ಇರಲಿ ಎಂದು ಯಾರೂ ಹೇಳಿದ್ದಲ್ಲ. ಅವ್ವನ ಪಾಲಿನ ವಚನಗಳನ್ನು ಓದದೆಯೇ ನಾವು ಅರಸರ ಚರಿತ್ರೆ ದಾಟಿ ಪ್ರವಾದಿಗಳವರೆಗೆ ಬಂದೆವು. ಎಷ್ಟೋ ಅರಸರು ಪಟ್ಟಕ್ಕೆ ಬಂದದ್ದು ನಮಗೆ ತಿಳಿಯಲೇ ಇಲ್ಲ, ಸತ್ತಿದ್ದು ಮಾತ್ರ ತಿಳಿಯಿತು.

ಅಪ್ಪ ಮಾತ್ರ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ದಿನಾ ಅವಳ ತಮಿಳು ಸತ್ಯವೇದವನ್ನು ಅವಳ ಜಾಗದಲ್ಲಿ ಬಿಡಿಸಿಡುತ್ತಿದ್ದ. ನಮ್ಮದು ಎಷ್ಟು ದಪ್ಪಕ್ಕೆ ಬಂದಿದೆಯೋ ಬೆರಳಲ್ಲಿ ಅಂದಾಜು ಹಿಡಿದು, ಅದನ್ನೂ ಅಷ್ಟು ದಪ್ಪಕ್ಕೆ ತೆರೆದು, ಅಧ್ಯಾಯದ ಅಂಕಿ ಹುಡುಕಿ, ಮೇಲೆ ಅವಳ ಕನ್ನಡಕ ಇಡುವನು. ಆ ಮೌನ ನನಗೆ ಅಭ್ಯಾಸವಾಯಿತು. ಅದು ಬೇಕೂ ಆಯಿತು. ದಿನವೆಲ್ಲ ಏನೂ ಅನ್ನಿಸದ ನನಗೆ ಅಲ್ಲಿ ಏನೋ ಒಂದಿಷ್ಟು ತಗಲುತ್ತಿತ್ತು, ಜೋಮು ಹಿಡಿದ ಕಾಲನ್ನು ಯಾರೋ ಮುಟ್ಟಿದ ಹಾಗೆ.

ವರ್ಷ ಕಳೆದ ಮೇಲೆ ತಮ್ಮನ ಮದುವೆಯಾಯಿತು. ಹುಡುಗಿ ಹೂಗ್ಯಂನವಳು. ಶಾಲೆ ಕನ್ನಡದಲ್ಲಿ, ಮನೆ ತಮಿಳಿನಲ್ಲಿ, ಎರಡೂ ಓದಬಲ್ಲಳು. ಬಂದ ಸಂಜೆ ಅವ್ವನ ಜಾಗಕ್ಕೂ ನನಗೂ ನಡುವೆ ಕುಳಿತು, ನನ್ನ ಪುಸ್ತಕದೊಳಗೇ ಇಣುಕಿದಳು. ಅಪ್ಪ ಓದಿದ, ತಮ್ಮ ಓದಿದ, ಮೌನವಾಯಿತು, ನಾನು ಓದಲು ಬಾಯಿ ತೆರೆದೆ.

"ಅತ್ಗೆ, ಒಂದು ವಚನ ಬುಟ್ಟೋಯ್ತು" ಎಂದಳು.

"ಬುಟ್ಟೋಗಿಲ್ಲ. ಅದು ಅವ್ವಂದು" ಎಂದೆ. ನನಗೆ ಸಿಟ್ಟು ಬಂದಿತ್ತು. ಈಗಷ್ಟೇ ಬಂದವಳು ನಮ್ಮ ಮೌನ ಮುಚ್ಚಲು ಬಂದಳಲ್ಲ ಎಂದು ಮೈ ಉರಿಯಿತು. ಅದೊಂದೂ ಹೋದರೆ ನನ್ನ ಹತ್ತಿರ ಅವ್ವನದು ಇನ್ನೇನೂ ಇರಲಿಲ್ಲ.

ಅಪ್ಪ ಅವ್ವನ ಪುಸ್ತಕ ತೋರಿಸಿದ. ಆಮೇಲೆ, "ನಿಂಗೆ ತಮಿಳು ಬತ್ತದಲ್ಲವ್ವ, ಓದು" ಎಂದ.

ಅವಳು ಕನ್ನಡಕವನ್ನು ಪಕ್ಕಕ್ಕೆ ಸರಿಸಿ ಪುಸ್ತಕವನ್ನು ತೊಡೆಗೆ ತೆಗೆದುಕೊಂಡಳು. ನೋಡಿದಳು. ತಡೆದಳು. ಮತ್ತೆ ಅವ್ವನ ಹಾಗೆಯೇ ಬೆರಳಿಟ್ಟು ತಮಿಳಿನಲ್ಲಿ ಶುರುಮಾಡಿದಳು. ವಚನ ಸರಿಯಾಗಿತ್ತು, ಬಿಟ್ಟುಹೋದದ್ದೇ. ಆದರೆ ಬೆರಳು ಕದಲುತ್ತಿರಲಿಲ್ಲ. ಅವಳ ಕಣ್ಣು ನನ್ನ ತೊಡೆಯ ಮೇಲಿದ್ದ ಕನ್ನಡ ಪುಟದ ಮೇಲಿತ್ತು. ಅದನ್ನು ನೋಡಿಕೊಂಡು, ತಾನೇ ತಮಿಳು ಮಾಡಿ ಹೇಳುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ.

ಊಟವಾದ ಮೇಲೆ ಅಡುಗೆಮನೆಯಲ್ಲಿ, ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಅವಳು ದನಿ ತಗ್ಗಿಸಿದಳು. "ಮಾವ ತೆಗ್ದಿದ್ದು ಸತ್ಯವೇದದಲ್ಲೇ ಬ್ಯಾರೆ ಪ್ರವಾದಿ ಪುಸ್ತಕ ಅತ್ಗೆ. ಅಧ್ಯಾಯದ ನಂಬರು ಒಂದೇ, ಆದ್ರೆ ನಾವು ಓದ್ತಿರೋದು ಅಲ್ಲ. ಅದ್ರಲ್ಲಿ ಅಕ್ಷರ ದಪ್ಪ, ಅಂದಾಜು ತಪ್ಪೋಗಿದೆ. ಅವ್ರಿಗೆ ಯೋಳ್ಬೇಡಿ."

ವರ್ಷವೆಲ್ಲ ಅಪ್ಪ ಅಷ್ಟು ಜತನದಿಂದ ತಪ್ಪು ಪುಟ ತೆರೆದಿಟ್ಟಿದ್ದ. ನನಗೆ ನಗು ಬಂದಂತಾಯಿತು, ಬರಲಿಲ್ಲ. ಪಾತ್ರೆ ತೊಳೆಯಲು ಕುಳಿತೆ. ಅಪ್ಪನಿಗೆ ಇದು ಗೊತ್ತಾಗಬಾರದು ಎನ್ನುವುದೊಂದೇ ತಲೆಯಲ್ಲಿತ್ತು.

ಮರುಸಂಜೆ ಅಪ್ಪ ಚಾಪೆ ಹಾಸಿ, ತಮಿಳು ಸತ್ಯವೇದವನ್ನು ಮುಚ್ಚಿದ ಹಾಗೆಯೇ ತಮ್ಮನ ಹೆಂಡತಿಯ ಕೈಗೆ ಕೊಟ್ಟ.

"ಇನ್ಮೇಲೆ ನೀನೇ ತೆಗ್ದು ಓದವ್ವ. ನಂಗೆ ಆ ಅಕ್ಷರ ಬರಲ್ಲ. ಇಷ್ಟು ದಿವ್ಸ ಎಲ್ಲೆಲ್ಲಿ ತೆಗ್ದಿಟ್ನೋ ಏನೋ." ಅವ್ವನ ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸುತ್ತ ಹೇಳಿದ, "ಓಗ್ಲಿ ಬುಡು. ಅವ್ಳೇ ಸರಿಯಾದ್ ಪುಟ ತಿರುವ್ಕಂಡು ಓದ್ಕಂಡಿರ್ತಾಳೆ."

ಅಪ್ಪ ಓದಿದ, ತಮ್ಮ ಓದಿದ. ತಮ್ಮನ ಹೆಂಡತಿ ಪುಟ ತಿರುವಿ, ಸರಿಯಾದ ಕಡೆ ಬೆರಳಿಟ್ಟು, ಅವ್ವನ ವಚನ ಓದಿದಳು. ಮುಂದಿನದು ನನ್ನದು. ಅಂಕಿ ಕಂಡಿತು, ಅಕ್ಷರ ಕಾಣಲಿಲ್ಲ. ಕಣ್ಣೀರು ಪುಟದ ಮೇಲೆ ಬೀಳುತ್ತಿತ್ತು. ನನ್ನ ಸರದಿಯನ್ನು ಯಾರೂ ದಾಟಲಿಲ್ಲ. ಮೂವರೂ ಪುಸ್ತಕಗಳನ್ನು ತೆರೆದಿಟ್ಟುಕೊಂಡು, ನಾನು ಓದುವ ತನಕ ಕಾದು ಕುಳಿತರು.