ವೈರಿ ರೇಡಿಯೋದಲ್ಲಿ ಚಿಕ್ಕಪ್ಪನ ಹೆಸರು

ಮೊಬೈಲಲ್ಲಿ ಯುದ್ಧದ ಸುದ್ದಿ ಕೂಗಿದಾಗೆಲ್ಲ ನಮ್ಮ ಬೆಸಗರಹಳ್ಳಿ ಮನೆಯ ರೇಡಿಯೋ ನೆನಪಾಗ್ತದೆ. ನಾನಾಗ ಹುಡುಗ, ಯುದ್ಧಕ್ಕೆ ಹೋದ ಚಿಕ್ಕಪ್ಪನ ಕಾಗದ ನಿಂತುಹೋಗಿತ್ತು. ವೈರಿ ದೇಶದ ರೇಡಿಯೋದವನು ಸೆರೆಸಿಕ್ಕ ನಮ್ಮ ಸಿಪಾಯಿಗಳ ಹೆಸರು ಓದ್ತಿದ್ದ. ಅಜ್ಜಿಗೆ ಹಿಂದಿ ಬರದು. ಆದ್ರೂ ದಿನಾ ಸಂಜೆ ಕಂಬಳಿ ಮುಸುಕು ಹಾಕ್ಕೊಂಡು ರೇಡಿಯೋಗೆ ಕಿವಿಯೊತ್ತಿ ಕೂರೋಳು.

"ಅವ್ರು ಬರೀ ಸುಳ್ಳು ಏಳ್ತಾರೆ, ಆರ್ಸವ್ವ," ಅಂತ ಅಪ್ಪ ಗದರಿದ.

"ಸುಳ್ಳೇ ಏಳ್ಲಿ ಕಣ್ಲಾ, ನನ್ ಮಗನ್ ಎಸ್ರು ಏಳ್ಲಿ."

ರೇಡಿಯೋದ ಸೆಲ್ಲು ಮುಗಿದರೂ ಚಿಕ್ಕಪ್ಪನ ಹೆಸರು ಬರಲಿಲ್ಲ.

ಈಗ ನನ್ನ ಮಗ ಗಡಿಯಲ್ಲಿದ್ದಾನೆ. ನಾಲ್ಕು ದಿನದಿಂದ ಫೋನಿಲ್ಲ. ಆ ಕಡೆಯವರ ಸುದ್ದಿ ಕೇಳಬೇಡಿ, ಎಲ್ಲಾ ಸುಳ್ಳು ಅಂತ ಈ ವಾಟ್ಸಾಪ್ ಗುಂಪಲ್ಲಿ ನೀವೆಲ್ಲ ಬರೀತಿದ್ದೀರಿ. ಇರಬಹುದು, ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬೆಳಗಿನಿಂದ ದುಪ್ಪಟಿ ಮುಸುಕು ಹಾಕ್ಕೊಂಡು ಅದನ್ನೇ ಕೇಳ್ತಾ ಕೂತಿದ್ದೀನಿ.